ತಾಸಿಗೊಂದು ಹನಿ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನಿನ್ನ ಓಟದ ಟೈಮಿಂಗ್ ಬಗ್ಗೆ ಅರ್ಧ ಗಂಟೆ ಹರಟಿ, ಇಡುವ ಹೊತ್ತಿಗೆ ಮೆಲ್ಲಗೆ "ಅಜ್ಜಿ, ನಾಲ್ಕು ತಿಂಗಳಾಯ್ತು, ಮುಟ್ಟೇ ಆಗಿಲ್ಲ" ಅಂದೆಯಲ್ಲ, ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಗಾಬರಿಗಲ್ಲ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿದ ಬಾಯಿ ಇದು, ಸುಮ್ಮನಿರಬೇಕಲ್ಲ!

ನಮ್ಮ ಲ್ಯಾಬಿನಲ್ಲಿ ಪ್ಲಾಸ್ಟರಿನದೊಂದು ಮೆದುಳಿತ್ತು. ಅದರ ಅಡಿಯಲ್ಲಿ, ಹೈಪೊಥಲಾಮಸ್ ಇರುವ ಕಡೆ, ಮಕ್ಕಳ ಬೆರಳು ತಾಗಿ ತಾಗಿ ಬಣ್ಣವೆಲ್ಲ ಉದುರಿ ಸುಣ್ಣ ಕಾಣುತ್ತಿತ್ತು. ಬಾದಾಮಿಯಷ್ಟು ಜಾಗ. ಮೆದುಳಿನ ಸುಮಾರು 8,600 ಕೋಟಿ ನರಕೋಶಗಳ ಪೈಕಿ ಬರೀ ಒಂದೆರಡು ಸಾವಿರ ಕೋಶಗಳು ಅಲ್ಲಿ ಕೂತು ಜಿಎನ್‌ಆರ್‌ಹೆಚ್ ಎಂಬ ಹಾರ್ಮೋನು ಬಿಡುತ್ತವೆ. ಅದು ಕೆಳಗಿನ ಪಿಟ್ಯುಟರಿಯನ್ನು ಎಬ್ಬಿಸುತ್ತದೆ, ಪಿಟ್ಯುಟರಿ ಅಂಡಾಶಯವನ್ನು. ಮಜಾ ಅಂದರೆ ಈ ಕೋಶಗಳ ತವರು ಮೆದುಳಲ್ಲ, ಭ್ರೂಣದ ಮೂಗು! ವಾಸನೆಯ ನರಗಳ ಜಾಡು ಹಿಡಿದು ಅವು ಒಳಕ್ಕೆ ನಡೆದು ಬರುತ್ತವೆ. ದಾರಿಯಲ್ಲೇ ಉಳಿದುಬಿಟ್ಟರೆ ಅದು ಕಾಲ್ಮನ್ ಸಿಂಡ್ರೋಮ್: ಮಲ್ಲಿಗೆಯ ಕಂಪೂ ತಿಳಿಯುವುದಿಲ್ಲ, ಪ್ರಾಯವೂ ತಾನಾಗಿ ಬರುವುದಿಲ್ಲ.

ಆ ಹಾರ್ಮೋನಿನ ರಚನೆಯನ್ನು 1971ರಲ್ಲಿ ವಿಜ್ಞಾನಿ ಶಾಲಿಯ ತಂಡ ಹಂದಿಗಳ ಮೆದುಳಿನಿಂದ, ಗಿಲ್ಮಾ ತಂಡ ಕುರಿಗಳದ್ದರಿಂದ ಬಿಡಿಸಿತು. 1977ರಲ್ಲಿ ಇಬ್ಬರಿಗೂ ನೊಬೆಲ್. ನನಗೆ ಇಷ್ಟ ಮಾತ್ರ ನೋಬಿಲ್ ಎಂಬಾತನ ಕೆಲಸ. 1978ರಲ್ಲಿ ಆತ, ಸ್ವಂತ ಜಿಎನ್‌ಆರ್‌ಹೆಚ್ ನಿಂತುಹೋಗಿದ್ದ ರೀಸಸ್ ಕೋತಿಗಳಿಗೆ ಅದನ್ನು ತಾಸಿಗೊಮ್ಮೆ ಒಂದಿಷ್ಟು ಕೊಟ್ಟ, ಪಿಟ್ಯುಟರಿ ಕೆಲಸಕ್ಕಿಳಿಯಿತು. ಅದೇ ಔಷಧ ಬಿಡುವಿಲ್ಲದೆ ಹರಿಸಿದ, ಪಿಟ್ಯುಟರಿ ಮುಷ್ಕರ ಹೂಡಿತು. ಹನಿಹನಿಗೂಡಿದರೆ ಹಳ್ಳ ಅನ್ನುತ್ತೇವೆ, ಇಲ್ಲಿ ಹಳ್ಳವಾದರೆ ಕೆಲಸ ಕೆಟ್ಟಿತು.

ಹಾಗಾದರೆ ತಾಳ ಹಾಕುವವರು ಯಾರು? ಪಕ್ಕದ ಕಿಸ್‌ಪೆಪ್ಟಿನ್ ಕೋಶಗಳು. ನಗಬೇಡ, ಮುತ್ತಿಗೂ ಇದಕ್ಕೂ ಸಂಬಂಧವಿಲ್ಲ. ಇದರ ಜೀನು 1996ರಲ್ಲಿ ಕ್ಯಾನ್ಸರ್ ಸಂಶೋಧನೆಯಲ್ಲಿ ಸಿಕ್ಕಿದ್ದು ಅಮೆರಿಕದ ಹರ್ಷಿ ಎಂಬ ಊರಲ್ಲಿ. ಆ ಊರಿನ 'ಕಿಸಸ್' ಚಾಕಲೇಟಿನ ಹೆಸರೇ ಅಂಟಿಕೊಂಡಿತು. ಕಿಸ್‌ಪೆಪ್ಟಿನ್ನಿನ ಸಂದೇಶ ಹಿಡಿಯುವ ಗ್ರಾಹಕ ಕೆಟ್ಟವರು ಪ್ರಾಯಕ್ಕೆ ಬರುವುದಿಲ್ಲವೆಂದು 2003ರಲ್ಲಷ್ಟೇ ಗೊತ್ತಾಯಿತು. ಇದೇ ಕೋಶಗಳಲ್ಲಿ ನ್ಯೂರೋಕಿನಿನ್ ಬಿ ತಟ್ಟಿ ಎಬ್ಬಿಸುತ್ತದೆ, ಡೈನಾರ್ಫಿನ್ 'ಸಾಕು' ಎಂದು ಕೂರಿಸುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜನ್ನಿನ ಲಗಾಮು ಸಡಿಲಾಗಿ ಇವೇ ಕೋಶಗಳು ರಂಪ ಮಾಡಿದ್ದು ನನ್ನ ಮೈಯಲ್ಲಿ ಬೆಂಕಿಯಾಗಿತ್ತು. ಅದಕ್ಕೆಂದೇ ಅಮೆರಿಕದಲ್ಲಿ 2023ಕ್ಕೆ ಮಾತ್ರೆ ಬಂತಂತೆ. ನಾನು ಬೀಸಣಿಗೆಯಲ್ಲೇ ಮುಗಿಸಿಕೊಂಡೆ.

ಈಗ ನಿನ್ನ ವಿಷಯ. ಮೈಯ ಕೊಬ್ಬು ಲೆಪ್ಟಿನ್ ಎಂಬ ಹಾರ್ಮೋನಿನ ಮೂಲಕ 'ಮನೆಯಲ್ಲಿ ದವಸ ಇದೆ' ಎಂದು ಮೆದುಳಿಗೆ ಹೇಳಿಕಳಿಸುತ್ತಿರುತ್ತದೆ. ನೀನು ಬೆಳಿಗ್ಗೆ ಹತ್ತು ಕಿಲೋಮೀಟರ್ ಓಡಿ, ರಾತ್ರಿ ಒಂದು ಸೇಬು ತಿಂದು ಮಲಗಿದರೆ ಆ ಸುದ್ದಿ ಕ್ಷೀಣಿಸುತ್ತದೆ, ತಾಳ ನಿಧಾನವಾಗುತ್ತದೆ. ಅಂಡಾಶಯ ಚೆನ್ನಾಗಿಯೇ ಇರುತ್ತದೆ, ಅದನ್ನು ಕರೆಯುವವರಿಲ್ಲ ಅಷ್ಟೇ. ಆದರೆ ಈಸ್ಟ್ರೊಜನ್ ಇಳಿದರೆ ಮೂಳೆ ಸವೆಯುತ್ತದೆ ಕಣೇ. ಮೊಣಕಾಲ ಕೆಳಗೆ ನೋವು ಅನ್ನುತ್ತಿದ್ದೆಯಲ್ಲ, ನನಗೆ ಅದೇ ಚಿಂತೆ.

ಹತ್ತೊಂಬತ್ತರಲ್ಲಿ ನನಗೂ ಹೀಗಾಗಿತ್ತು, ಹಾಸ್ಟೆಲಿನ ಅರೆಹೊಟ್ಟೆಯಲ್ಲಿ. ಊರ ಡಾಕ್ಟರೊಬ್ಬರು ನಾಡಿಯನ್ನೂ ಹಿಡಿಯದೆ "ಮದುವೆ ಮಾಡಿ, ಸರಿಹೋಗುತ್ತೆ" ಎಂದು ನನ್ನಮ್ಮನಿಗೆ ಹೇಳಿ ಕಳಿಸಿದ್ದರು. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ನನ್ನ ಪಾಠ ಕೇಳಿ ನೀನೇ ತೀರ್ಪು ಕೊಟ್ಟುಕೊಳ್ಳಬೇಡ. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಪಿಸಿಒಎಸ್, ಏನೂ ಇರಬಹುದು, ಒಳ್ಳೆಯ ಡಾಕ್ಟರಿಗೆ ತೋರಿಸು. ಗರ್ಭ ಪರೀಕ್ಷೆಯನ್ನೂ ಮಾಡಿಸುತ್ತಾರೆ, ಸಿಡುಕಬೇಡ, ಅದು ಅವರ ಕ್ರಮ. ಅಮ್ಮನಿಗೆ ಹೇಳುವುದು ನಿನಗೆ ಬಿಟ್ಟಿದ್ದು. ಕೊನೆಯ ಸಲ ಯಾವಾಗ ಎಂದು ಕೇಳಿದರೆ ತಡಬಡಾಯಿಸಬೇಡ: ಯುಗಾದಿಯ ದಿನ. ಹೊಟ್ಟೆನೋವೆಂದು ಹಿತ್ತಲ ಕಟ್ಟೆಯ ಮೇಲೆ ಮುದುಡಿ ಕೂತಿದ್ದೆ, ಬೇವು ಆರಿಸಿಟ್ಟು ಬರೀ ಬೆಲ್ಲ ತಿಂದಿದ್ದೆ.

ನಿನ್ನ,
ಅಜ್ಜಿ