ಹನ್ನೊಂದು ಕೆಜಿ ಕ್ಯಾಟ್

ರದ್ದಿ ಅಂಗಡಿಯ ತಕ್ಕಡಿ 11 ಕೆಜಿ ತೋರಿಸಿತು. ಕೆಜಿಗೆ 14ರಂತೆ ಕೈಗೆ ಬಂದದ್ದು 154 ರೂಪಾಯಿ. ಆ ಕೋಚಿಂಗ್ ಪುಸ್ತಕಗಳ ರಾಶಿ ಮನೆಗೆ ಬರಲು ನಾನು ತೆತ್ತದ್ದು 49,560. ಅರ್ಧಕ್ಕೂ ಹೆಚ್ಚು ಪುಸ್ತಕಗಳಿಗೆ ಇನ್ನೂ ಹೊಸ ಕಾಗದದ ವಾಸನೆಯೇ ಇತ್ತು.

ಎಂಬಿಎ ಹುಚ್ಚು ಹತ್ತಿದ್ದು 2022ರಲ್ಲಿ, ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾದ ಮೇಲೆ. ಕೋಚಿಂಗ್ ಸೆಂಟರಿನವರು 'ಫೀಸು 42 ಸಾವಿರ ಅಷ್ಟೆ ಸರ್' ಅಂದರು. ಆ 'ಅಷ್ಟೆ'ಯ ಬೆನ್ನಿಗೆ ಶೇ 18ರ ಜಿಎಸ್‌ಟಿ, 7,560 ರೂಪಾಯಿ, ಬಂತು. ಒಂಬತ್ತು ಕಂತು, ಬಡ್ಡಿ ಇಲ್ಲ ಎಂದರು. ಒಂದೇ ಸಲ ಕಟ್ಟಿದವರಿಗೆ ಮೂರು ಸಾವಿರ ಬಿಟ್ಟಿದ್ದರೆಂದು ಪಕ್ಕದ ಬೆಂಚಿನವನಿಂದ ತಿಳಿಯಿತು. ಬಡ್ಡಿ ಅಂದರೆ ಇನ್ನೇನು? ಎರಡನೇ ತಿಂಗಳು ಆಫೀಸಿನ ಶಿಫ್ಟ್ ಬದಲಾಗಿ ಕ್ಲಾಸು ತಪ್ಪಿತು. ಕಂತು ತಪ್ಪಲಿಲ್ಲ. ನವೆಂಬರಿನ ಕ್ಯಾಟ್‌ನಲ್ಲಿ, ಅಂದರೆ ಎಂಬಿಎ ಪ್ರವೇಶ ಪರೀಕ್ಷೆಯಲ್ಲಿ, 61 ಪರ್ಸೆಂಟೈಲ್ ಬಂತು. ಕ್ಯಾಟ್ ಅಂಕ ಒಂದೇ ಸಾಲಿನ ಪ್ರವೇಶಕ್ಕಷ್ಟೇ. ಮರುವರ್ಷಕ್ಕೆ ಮತ್ತೆ ಶುಲ್ಕ, ಮತ್ತೆ ಪರೀಕ್ಷೆ.

2023ರಲ್ಲಿ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗೆ ಹೋಗಿ ಅರುಣ್ ಶರ್ಮಾ ಅವರ ಕ್ಯಾಟ್ ಗಣಿತದ ಪುಸ್ತಕವನ್ನು ಚೌಕಾಸಿ ಮಾಡಿ 220ಕ್ಕೆ ತಂದೆ. ಹಿಂದಿನ ಒಡೆಯ ಮೊದಲ ಅಧ್ಯಾಯ 'ನಂಬರ್ ಸಿಸ್ಟಮ್ಸ್'ನಲ್ಲಿ ಪ್ರತಿ ಲೆಕ್ಕದ ಪಕ್ಕ ಪೆನ್ಸಿಲಿನಲ್ಲಿ ಮುದ್ದಾಗಿ ಗುರುತು ಹಾಕಿದ್ದ. ಆಮೇಲೆ ಒಂದು ಗೀಟೂ ಇಲ್ಲ. ನಗು ಬಂತು, ನಾನೂ ನಿಂತದ್ದು ಅಲ್ಲೇ. ಎಸ್ಸೆಸ್ಸೆಲ್ಸಿಯ ಚಾಳಿ ಇದು, ಪುಸ್ತಕ ಎಂದರೆ ಮೊದಲ ಪುಟದಿಂದಲೇ ಶುರು. ಪರೀಕ್ಷೆಯಲ್ಲಿ ಹೆಚ್ಚಾಗಿ ಬರುವುದು ಶೇಕಡಾವಾರು, ಅನುಪಾತ, ಕಾಲ ಮತ್ತು ಕೆಲಸದಂಥ ಅಂಕಗಣಿತ. ಈ ಸಲ ಅಲ್ಲಿಂದಲೇ ಹಿಡಿದೆ.

ಪುಸ್ತಕ ಬಿಟ್ಟರೆ ದುಡ್ಡು ಹಾಕಿದ್ದು ಅಣಕು ಪರೀಕ್ಷೆಗಳಿಗೆ ಮಾತ್ರ, 1,600 ರೂಪಾಯಿ. ಎರಡು ಗಂಟೆ ಬರೆದರೆ ಮರುದಿನ ನಾಲ್ಕು ಗಂಟೆ ತಪ್ಪುಗಳ ಮುಂದೆ ಕೂರುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ಮೂರು ಸಾಲು ಗೀಚಿದ್ದೆ: ಗೊತ್ತಿರಲಿಲ್ಲ, ಗೊತ್ತಿದ್ದೂ ತಪ್ಪಿದೆ, ಮುಟ್ಟಬಾರದಿತ್ತು. ನಾಲ್ಕು ಪರೀಕ್ಷೆ ಮುಗಿಯುವಷ್ಟರಲ್ಲಿ ಮೂರನೆಯದೇ ಉದ್ದವಾಗಿತ್ತು! ಸರಿಯುತ್ತರಕ್ಕೆ ಮೂರು ಅಂಕ, ಆಯ್ಕೆ ಪ್ರಶ್ನೆ ತಪ್ಪಿದರೆ ಒಂದು ಕಡಿತ. ಉತ್ತರವನ್ನು ನಾವೇ ಟೈಪ್ ಮಾಡುವ ಪ್ರಶ್ನೆಗಳಿಗೆ ಕಡಿತವಿಲ್ಲ. ಆಗಿನ 66 ಪ್ರಶ್ನೆಗಳಲ್ಲಿ ಯಾವುದನ್ನು ಬಿಡಬೇಕೆಂದು ಹೇಳಿಕೊಡುವ ಪುಸ್ತಕ ಆ 11 ಕೆಜಿಯಲ್ಲಿ ಒಂದೂ ಇರಲಿಲ್ಲ.

ಕನ್ನಡ ಮಾಧ್ಯಮದವನಾದ ನನಗೆ ಇಂಗ್ಲಿಷ್ ವಿಭಾಗದ ಭಯ ಬೇರೆ. ಆ ವಿಭಾಗದ 24 ಪ್ರಶ್ನೆಗಳಲ್ಲಿ 16 ದೊಡ್ಡ ಗದ್ಯಭಾಗ ಓದಿ ಉತ್ತರಿಸುವಂಥವು. ಪದಪಟ್ಟಿ ಉರುಹಚ್ಚುವುದನ್ನು ಬಿಟ್ಟು, ಭಾನುವಾರ ಕಬ್ಬನ್ ಪಾರ್ಕಿನ ಗ್ರಂಥಾಲಯದಲ್ಲಿ ಪತ್ರಿಕೆಗಳ ಸಂಪಾದಕೀಯ ಓದಿದೆ. ಖರ್ಚು, ಬಸ್ ಚಾರ್ಜು.

ಪರೀಕ್ಷಾ ಶುಲ್ಕ 2,400 ಸೇರಿಸಿ, ಬಸ್ ಚಾರ್ಜು ಬಿಟ್ಟು, ಆ ವರ್ಷದ ಒಟ್ಟು ಖರ್ಚು 4,220. ಬಂದದ್ದು 89 ಪರ್ಸೆಂಟೈಲ್. ಐಐಎಂಗೆ ಸಾಲಲಿಲ್ಲ, ಬೇರೊಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು. ಕೋಚಿಂಗ್ ದಂಡ ಎನ್ನಲಾರೆ. ಯಾರಾದರೂ ಕೂರಿಸಿದರೆ ಮಾತ್ರ ಓದುವವರಿಗೆ ಅದು ಬೇಕು. ನನಗೆ ಬೇಕೋ ಬೇಡವೋ ಎಂದು ನೋಡಿಕೊಳ್ಳುವ ಮೊದಲೇ ಸಹಿ ಹಾಕಿದ್ದೆ, ಅಷ್ಟೆ.

ಕಳೆದ ವಾರ ಹಾಸನದಿಂದ ಅಕ್ಕನ ಮಗಳ ಫೋನು. 'ಮಾಮ, 55 ಸಾವಿರದ ಪ್ಯಾಕೇಜ್ ಇದೆ, ಇವತ್ತೇ ಕಟ್ಟಿದರೆ 50 ಅಂತೆ.'

'ನಾಳೆಯೂ ಐವತ್ತೇ ಇರುತ್ತೆ ಕಣೇ. ಮೊದಲು ಹಳೇ ಪ್ರಶ್ನೆಪತ್ರಿಕೆ ಒಂದನ್ನ ಗಡಿಯಾರ ಇಟ್ಕೊಂಡು ಬರಿ, ಪುಕ್ಕಟೆ ಸಿಗುತ್ತೆ' ಅಂದೆ.

ಬರೆದಿದ್ದಾಳೆ. ಇಂಗ್ಲಿಷ್ ಚೆನ್ನಾಗಿದೆ, ಗಣಿತದಲ್ಲಿ ಎಡವಿದ್ದಾಳೆ. ಅವೆನ್ಯೂ ರಸ್ತೆಯ ಪುಸ್ತಕ ರದ್ದಿಗೆ ಹೋಗಿರಲಿಲ್ಲ. ನಿನ್ನೆ ಹಾಸನಕ್ಕೆ ಕಳಿಸಿದೆ. ಕೊರಿಯರ್ ಖರ್ಚು 90 ರೂಪಾಯಿ.