ಹಳೆಯ ಯಂತ್ರಕ್ಕೆ ಹೊಸ ನಿಯಂತ್ರಣ: ಸಿ.ಎನ್.ಸಿ. ರೌಟರ್‌ನ ನವೀಕರಣ

ಪೀಠಿಕೆ

ಮಾಟುಂಗ ಎಂದೊಡನೆ ಮುಂಬಯಿಯ ಕನ್ನಡಿಗರಿಗೆ 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ನೂ ದಕ್ಷಿಣದ ತಿಂಡಿತೀರ್ಥಗಳ ಹಳೆಯ ಹೋಟೆಲುಗಳೂ ನೆನಪಾಗುವುದು ಸಹಜ. ಯಂತ್ರವಿದ್ಯೆಯ ಜಗತ್ತಿನಲ್ಲಿಯೂ ಈ ಬಡಾವಣೆಗೆ ಒಂದು ಸ್ಥಾನವಿದೆ. 1887ರಲ್ಲಿ ಸ್ಥಾಪಿತವಾಗಿ, ಈಗ ವೀರಮಾತಾ ಜೀಜಾಬಾಯಿ ತಾಂತ್ರಿಕ ಸಂಸ್ಥೆ ಎಂಬ ಹೆಸರನ್ನು ಹೊತ್ತಿರುವ ವಿದ್ಯಾಸಂಸ್ಥೆಯು 1923ರಿಂದ ಇಲ್ಲಿಯೇ ಇದೆ. ಅಂದಿನ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಕಾಲದಲ್ಲಿ, 1915ರಲ್ಲಿ ಆರಂಭವಾದ ರೈಲುಗಾಡಿಗಳ ಕಾರ್ಯಾಗಾರವೂ ಇಲ್ಲಿದೆ.

ಈ ಕಾರ್ಯಾಗಾರಕ್ಕೆ ನಿಯತಕಾಲಿಕ ದುರಸ್ತಿಗಾಗಿ ಬರುವ ಗಾಡಿಯನ್ನು ಬಣ್ಣ ಮಾಸಿತೆಂದೋ ತಂತಿಗಳು ಹಳೆಯವಾದವೆಂದೋ ಗುಜರಿಗೆ ಹಾಕುವುದಿಲ್ಲ. ಗಾಡಿಯ ಭಾಗಗಳನ್ನು ಬಿಚ್ಚಿ ಪರೀಕ್ಷಿಸುತ್ತಾರೆ. ಸವೆದುದನ್ನು ಬದಲಿಸಿ, ಗಟ್ಟಿಯಾಗಿರುವುದನ್ನು ಉಳಿಸಿಕೊಂಡು, ಮತ್ತೆ ಓಡಲು ಯೋಗ್ಯವೆಂದು ಖಚಿತವಾದ ಮೇಲೆ ಹಳಿಗೆ ಬಿಡುತ್ತಾರೆ. ಇದೇ ನ್ಯಾಯವನ್ನು ಸಣ್ಣ ಕಾರ್ಯಾಗಾರದ ಹಳೆಯ ಗಣಕ ನಿಯಂತ್ರಿತ ಯಂತ್ರಕ್ಕೆ ಅನ್ವಯಿಸುವುದು ಹೇಗೆಂಬುದೇ ಈ ಪಾಠದ ವಿಷಯ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಮಾಟುಂಗಕ್ಕೆ ಹೊಂದಿಕೊಂಡಿರುವ ಧಾರಾವಿಯ ಒಂದು ಕಾರ್ಯಾಗಾರದಲ್ಲಿ ಪ್ಲೈವುಡ್ ಮತ್ತು ಅಕ್ರಿಲಿಕ್ ಹಾಳೆಗಳನ್ನು ಕತ್ತರಿಸಿ ನಾಮಫಲಕಗಳ ಅಕ್ಷರಗಳನ್ನು ಮಾಡುವ ಸಿ.ಎನ್.ಸಿ. ರೌಟರ್ ಇದೆ. ಅದಕ್ಕೆ ಇಪ್ಪತ್ತು ವರ್ಷ ದಾಟಿದೆ. ಎರಕದ ಚೌಕಟ್ಟು ಭದ್ರವಾಗಿದೆ. ಆದರೆ ಅದನ್ನು ನಡೆಸುವ ಹಳೆಯ ಗಣಕ ಒಂದು ಬೆಳಿಗ್ಗೆ ಏಳಲಿಲ್ಲ. ಅದರೊಳಗಿನ ನಿಯಂತ್ರಣ ಫಲಕ ಈಗ ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲ. ಮಾಲೀಕನು ಹೊಸ ಯಂತ್ರಕ್ಕೆ ಸಾಲ ಮಾಡಬೇಕೆ, ಹಳೆಯದನ್ನು ತೂಕಕ್ಕೆ ಮಾರಬೇಕೆ? ಅದನ್ನೇ ನಂಬಿರುವ ಇಬ್ಬರು ಕೆಲಸಗಾರರ ಗತಿಯೇನು?

ಯಂತ್ರದ ಎರಡು ಭಾಗಗಳು, ಎರಡು ಆಯುಸ್ಸುಗಳು

ರೌಟರ್ ಎಂದರೆ ಅತಿ ವೇಗವಾಗಿ ತಿರುಗುವ ಕತ್ತರಿಯನ್ನು ಹಾಳೆಯ ಮೇಲೆ ಮೂರು ದಿಕ್ಕುಗಳಲ್ಲಿ ಚಲಿಸುವಂತೆ ಮಾಡುವ ಯಂತ್ರ. ಸಿ.ಎನ್.ಸಿ. ಎಂಬ ಮೂರಕ್ಷರಗಳು ಗಣಕೀಕೃತ ಸಂಖ್ಯಾತ್ಮಕ ನಿಯಂತ್ರಣವನ್ನು ಸೂಚಿಸುತ್ತವೆ. ಕತ್ತರಿ ಎಲ್ಲಿಗೆ, ಎಷ್ಟು ವೇಗದಲ್ಲಿ ಹೋಗಬೇಕೆಂಬುದನ್ನು ಸಂಖ್ಯೆಗಳಲ್ಲಿ ಬರೆದುಕೊಟ್ಟರೆ ಯಂತ್ರವು ಅದರಂತೆ ನಡೆಯುತ್ತದೆ. ಜಾನ್ ಪಾರ್ಸನ್ಸ್ ಎಂಬಾತನ ಆಲೋಚನೆಯಿಂದ ಮೊದಲಾದ ಈ ವಿಧಾನವನ್ನು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯು 1952ರಲ್ಲಿ ಒಂದು ಮಿಲ್ಲಿಂಗ್ ಯಂತ್ರದ ಮೂಲಕ ಸಾರ್ವಜನಿಕವಾಗಿ ತೋರಿಸಿತು. ನಮ್ಮ ದೇಶದಲ್ಲಿ 1953ರಲ್ಲಿ ಬೆಂಗಳೂರಿನಲ್ಲಿ ಹಿಂದುಸ್ಥಾನ್ ಮೆಷಿನ್ ಟೂಲ್ಸ್ ಕಾರ್ಖಾನೆಯೂ 1962ರಲ್ಲಿ ಅದೇ ನಗರದಲ್ಲಿ ಕೇಂದ್ರ ಯಂತ್ರೋಪಕರಣ ಸಂಸ್ಥೆಯೂ ಸ್ಥಾಪನೆಯಾಗಿ, ಯಂತ್ರೋಪಕರಣ ವಿದ್ಯೆಗೆ ಭದ್ರವಾದ ನೆಲೆ ದೊರೆಯಿತು.

ಇಂಥ ಯಂತ್ರದಲ್ಲಿ ಎರಡು ಭಾಗಗಳಿವೆ. ಚೌಕಟ್ಟು, ಜಾರುಹಳಿಗಳು, ಬಾಲ್ ಸ್ಕ್ರೂ ಇವು ದೇಹ; ಗಣಕ, ನಿಯಂತ್ರಕ ಫಲಕ, ಮೋಟಾರುಗಳಿಗೆ ಶಕ್ತಿ ಕೊಡುವ ಡ್ರೈವ್‌ಗಳು ಇವು ನರಮಂಡಲ. ಎಣ್ಣೆ ಕಂಡ ಕಬ್ಬಿಣ ಹಲವು ದಶಕ ಬಾಳುತ್ತದೆ. ವಿದ್ಯುನ್ಮಾನ ಉಪಕರಣಗಳ ಆಯುಸ್ಸು ಅಷ್ಟಿಲ್ಲ. ವಿದ್ಯುತ್ ಫಲಕಗಳಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಕ್ರಮೇಣ ಒಣಗುತ್ತವೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅವುಗಳ ಬಾಳಿಕೆ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ತಂತ್ರಜ್ಞರ ಸ್ಥೂಲ ಲೆಕ್ಕ. ಮುಂಬಯಿಯ ಸೆಖೆಯಲ್ಲಿ, ಗಾಳಿಯಾಡದ ಪೆಟ್ಟಿಗೆಯೊಳಗೆ ಇದರ ಪರಿಣಾಮವನ್ನು ಊಹಿಸಬಹುದು. ಆದುದರಿಂದ ನರಮಂಡಲ ಕೆಟ್ಟಿತೆಂದು ದೇಹವನ್ನು ಎಸೆಯಬೇಕಾಗಿಲ್ಲ. ಆದರೆ ದೇಹವೇ ಸವೆದಿದ್ದರೆ ಹೊಸ ನರಮಂಡಲದಿಂದ ಪ್ರಯೋಜನವಿಲ್ಲ.

ಮೊದಲು ಕಬ್ಬಿಣದ ಪರೀಕ್ಷೆ

ಹೀಗಾಗಿ ಒಂದು ರೂಪಾಯಿಯನ್ನು ವ್ಯಯಿಸುವ ಮೊದಲೇ ಯಂತ್ರದ ಸವೆತವನ್ನು ಅಳೆಯಬೇಕು. ಇದಕ್ಕೆ ಡಯಲ್ ಗೇಜ್ ಸಾಕು. ವಿದ್ಯುತ್ತನ್ನು ಸಂಪೂರ್ಣವಾಗಿ ಕಡಿದು, ಗೇಜನ್ನು ಚಲಿಸುವ ಭಾಗಕ್ಕೆ ತಾಗಿಸಿ, ಸ್ಕ್ರೂವನ್ನು ಕೈಯಿಂದ ಒಂದು ದಿಕ್ಕಿಗೆ ತಿರುಗಿಸಬೇಕು. ಬಳಿಕ ದಿಕ್ಕನ್ನು ಬದಲಿಸಿದಾಗ, ಮುಳ್ಳು ಅಲುಗುವ ಮೊದಲು ಸ್ಕ್ರೂ ಎಷ್ಟು ವ್ಯರ್ಥವಾಗಿ ತಿರುಗಿತೆಂಬುದನ್ನು ಗಮನಿಸಬೇಕು. ಈ ಸಡಿಲವನ್ನು ಬ್ಯಾಕ್‌ಲ್ಯಾಷ್ ಎನ್ನುತ್ತಾರೆ. ಒಂದು ಸುತ್ತಿಗೆ 5 ಮಿ.ಮೀ. ಸಾಗಿಸುವ ಸ್ಕ್ರೂ 36 ಡಿಗ್ರಿ ವ್ಯರ್ಥವಾಗಿ ತಿರುಗಿದರೆ ಸಡಿಲ ಅರ್ಧ ಮಿ.ಮೀ. ಇದ್ದಂತಾಯಿತು. ಅಕ್ಷರ ಕತ್ತರಿಸುವ ಯಂತ್ರಕ್ಕೂ ಇದು ಹೆಚ್ಚೇ. ಅಂಥಲ್ಲಿ ಸ್ಕ್ರೂ ಮತ್ತು ನಟ್ಟಿನ ಖರ್ಚನ್ನೂ ಸೇರಿಸಿಯೇ ನಿರ್ಧಾರ ಕೈಗೊಳ್ಳಬೇಕು. ಹೊಸ ನಿಯಂತ್ರಕಗಳು ಸ್ವಲ್ಪ ಸಡಿಲವನ್ನು ಲೆಕ್ಕದಿಂದ ಸರಿದೂಗಿಸಬಲ್ಲವಾದರೂ, ಕತ್ತರಿಯ ಒತ್ತಡಕ್ಕೆ ಅಲುಗಾಡುವ ಭಾಗವನ್ನು ಯಾವ ಲೆಕ್ಕವೂ ಹಿಡಿದು ನಿಲ್ಲಿಸದು.

ಬಿಚ್ಚುವ ಮುನ್ನ ಬರೆದಿಡುವುದು

ಹಳೆಯ ನಿಯಂತ್ರಕವು ಇನ್ನೂ ಅಷ್ಟಿಷ್ಟು ಕೆಲಸ ಮಾಡುತ್ತಿದ್ದರೆ ಅದರೊಳಗಿನ ಪ್ಯಾರಾಮೀಟರುಗಳನ್ನು, ಎಂದರೆ ಯಂತ್ರದ ಅಳತೆ ಮತ್ತು ವೇಗಗಳ ಸಂಖ್ಯೆಗಳನ್ನು, ಮೊದಲು ಬರೆದುಕೊಳ್ಳಬೇಕು. ಅನೇಕ ಹಳೆಯ ನಿಯಂತ್ರಕಗಳಲ್ಲಿ ಈ ಸಂಖ್ಯೆಗಳನ್ನು ಕಾಪಾಡುವುದು ಒಂದು ಚಿಕ್ಕ ಬ್ಯಾಟರಿ. ಅದು ಮುಗಿದರೆ ಯಂತ್ರದ ನೆನಪೂ ಮುಗಿಯಿತು.

ಪ್ರತಿಯೊಂದು ತಂತಿಯ ಎರಡೂ ತುದಿಗಳಿಗೆ ಒಂದೇ ಸಂಖ್ಯೆಯ ಚೀಟಿ ಹಚ್ಚಬೇಕು. ಎಲ್ಲಿಂದ ಎಲ್ಲಿಗೆ ಎಂಬುದನ್ನು ಕಾಗದದ ಮೇಲೆ ಚಿತ್ರಿಸಬೇಕು. ಡ್ರೈವ್‌ಗಳ ಒಳಗಿನ ಕೆಪಾಸಿಟರುಗಳು ಸ್ವಿಚ್ ಆರಿಸಿದ ಮೇಲೂ ಕೆಲವು ನಿಮಿಷ ಅಪಾಯಕಾರಿ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ತಯಾರಕರು ಸೂಚಿಸಿದಷ್ಟು ಹೊತ್ತು ಕಾದು, ಮಾಪಕದಿಂದ ಪರೀಕ್ಷಿಸಿದ ನಂತರವೇ ಕೈ ಹಾಕಬೇಕು. ಈ ಕೆಲಸವನ್ನು ಅರ್ಹತೆಯುಳ್ಳ ವಿದ್ಯುತ್ ತಂತ್ರಜ್ಞರೇ ಮಾಡಬೇಕೆಂಬುದನ್ನು ಒತ್ತಿ ಹೇಳಬೇಕಾಗಿದೆ.

ನಿಲ್ಲಿಸುವ ವ್ಯವಸ್ಥೆ ಮೊದಲು, ನಡೆಸುವ ವ್ಯವಸ್ಥೆ ಅನಂತರ

ನವೀಕರಣಕ್ಕೆ ತೊಡಗಿದವರು ಹೊಸ ಪರದೆಯನ್ನೂ ಹೊಸ ತಂತ್ರಾಂಶವನ್ನೂ ಮೊದಲು ಜೋಡಿಸಿ, ಯಂತ್ರ ಅಲುಗಿದ್ದನ್ನು ಕಂಡು ಸಂತೋಷಪಡುವುದುಂಟು. ಈ ಕ್ರಮ ತಪ್ಪು. ಮೊದಲ ತಂತಿ ತುರ್ತು ನಿಲುಗಡೆಯದಾಗಿರಬೇಕು.

ಕೆಂಪು ಗುಂಡಿಯನ್ನು ಒತ್ತಿದಾಗ ಗಣಕಕ್ಕೆ ಬರಿಯ ಸುದ್ದಿ ಹೋದರೆ ಸಾಲದು. ಗಣಕವೇ ಸ್ತಬ್ಧವಾಗಿದ್ದರೆ ಆ ಸುದ್ದಿಯನ್ನು ಕೇಳುವವರಾರು? ಗುಂಡಿಯು ಕಾಂಟ್ಯಾಕ್ಟರಿನ ಮೂಲಕ ಮೋಟಾರುಗಳ ಶಕ್ತಿಯನ್ನೇ ನೇರವಾಗಿ ಕಡಿಯಬೇಕು. ಗಣಕಕ್ಕೆ ಅದರ ಸೂಚನೆ ಹೋಗುವುದು ಹೆಚ್ಚಿನ ಅನುಕೂಲ ಮಾತ್ರ. ಗುಂಡಿಯನ್ನು ಬಿಡಿಸಿದೊಡನೆ ಯಂತ್ರವು ತಾನಾಗಿ ಚಲಿಸಲೂಬಾರದು. ಪುನರಾರಂಭಕ್ಕೆ ಬೇರೆಯೇ ಒಂದು ಗುಂಡಿ ಇರಬೇಕು.

ತುರ್ತು ಗುಂಡಿಗೂ ಚಲನೆಯ ಎಲ್ಲೆಯನ್ನು ಕಾಯುವ ಲಿಮಿಟ್ ಸ್ವಿಚ್ಚುಗಳಿಗೂ ಸಾಮಾನ್ಯ ಸ್ಥಿತಿಯಲ್ಲಿ ಮುಚ್ಚಿರುವ ಸಂಪರ್ಕಗಳನ್ನೇ ಬಳಸಬೇಕು. ಇಲಿ ಕಡಿದು ತಂತಿ ತುಂಡಾದರೆ ಆಗ ಯಂತ್ರ ನಿಲ್ಲುತ್ತದೆ. ತೆರೆದಿರುವ ಸಂಪರ್ಕವನ್ನು ಬಳಸಿದ್ದರೆ, ತಂತಿ ತುಂಡಾದುದು ತಿಳಿಯುವುದು ಅಪಘಾತವಾದ ದಿನವೇ.

ಇನ್ನೆರಡು ಎಚ್ಚರಿಕೆಗಳಿವೆ. ಶಕ್ತಿ ಕಡಿದಾಗ ಮೇಲೆ ಕೆಳಗೆ ಚಲಿಸುವ ಭಾಗವು ತನ್ನ ಭಾರದಿಂದಲೇ ಕುಸಿಯಬಹುದು. ಅದಕ್ಕೆ ಬ್ರೇಕ್ ಅಥವಾ ಪ್ರತಿಭಾರ ಬೇಕು. ಅಲ್ಲದೆ, ವೇಗವಾಗಿ ತಿರುಗುತ್ತಿರುವ ಸ್ಪಿಂಡಲ್ ವಿದ್ಯುತ್ತು ಹೋದ ಮೇಲೂ ಸ್ವಲ್ಪ ಹೊತ್ತು ಸುತ್ತುತ್ತಲೇ ಇರುತ್ತದೆ. ಪೂರ್ತಿ ನಿಂತಿದೆಯೆಂದು ಕಣ್ಣಾರೆ ಕಾಣುವವರೆಗೆ ಕೈಯನ್ನು ದೂರವಿಡಬೇಕು.

ಮೋಟಾರು ಮತ್ತು ನಿಯಂತ್ರಕಗಳ ಆಯ್ಕೆ

ಹಳೆಯ ರೌಟರುಗಳಲ್ಲಿ ಸ್ಟೆಪ್ಪರ್ ಮೋಟಾರುಗಳೋ ಸರ್ವೊ ಮೋಟಾರುಗಳೋ ಇರುತ್ತವೆ. ಸ್ಟೆಪ್ಪರ್ ಮೋಟಾರು ಒಂದೊಂದು ವಿದ್ಯುತ್ ಸ್ಪಂದನಕ್ಕೆ ಒಂದೊಂದು ನಿಶ್ಚಿತ ಹೆಜ್ಜೆ ಇಡುತ್ತದೆ. ಆದರೆ ಸಾಮಾನ್ಯ ಸ್ಟೆಪ್ಪರ್ ಭಾರ ಹೆಚ್ಚಾಗಿ ಹೆಜ್ಜೆ ತಪ್ಪಿದರೆ ಆ ತಪ್ಪು ನಿಯಂತ್ರಕಕ್ಕೆ ಗೊತ್ತಾಗುವುದಿಲ್ಲ. ಸರ್ವೊ ಮೋಟಾರಿನಲ್ಲಿ ಎನ್‌ಕೋಡರ್ ಎಂಬ ಸಾಧನವು ನಿಜವಾದ ಸ್ಥಾನವನ್ನು ಸತತವಾಗಿ ತಿಳಿಸುತ್ತಿರುತ್ತದೆ. ಎನ್‌ಕೋಡರ್ ಹೊಂದಿದ ಸ್ಟೆಪ್ಪರುಗಳೂ ಈಗ ದೊರೆಯುತ್ತವೆ; ಸಣ್ಣ ಕಾರ್ಯಾಗಾರಕ್ಕೆ ಅವು ಒಂದು ಮಧ್ಯಮಾರ್ಗ.

ನಿಯಂತ್ರಕ ಎಷ್ಟು ಚುರುಕಾಗಿರಬೇಕೆಂಬುದನ್ನು ಲೆಕ್ಕ ಹಾಕಿ ತಿಳಿಯಬಹುದು. 1.8 ಡಿಗ್ರಿಯ ಸ್ಟೆಪ್ಪರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಪ್ರತಿ ಹೆಜ್ಜೆಯನ್ನು ಡ್ರೈವ್ 8 ಭಾಗ ಮಾಡಿದರೆ ಸುತ್ತಿಗೆ 1,600 ಸ್ಪಂದನಗಳು. ಸ್ಕ್ರೂ ಸುತ್ತಿಗೆ 5 ಮಿ.ಮೀ. ಸಾಗಿಸುವುದಾದರೆ ಒಂದು ಮಿ.ಮೀ.ಗೆ 320 ಸ್ಪಂದನಗಳು ಬೇಕು. ನಿಮಿಷಕ್ಕೆ 6 ಮೀಟರ್ ವೇಗವೆಂದರೆ ಸೆಕೆಂಡಿಗೆ 100 ಮಿ.ಮೀ. ಆದುದರಿಂದ ನಿಯಂತ್ರಕವು ಸೆಕೆಂಡಿಗೆ 32,000 ಸ್ಪಂದನಗಳನ್ನು ಲಯ ತಪ್ಪದೆ ಕೊಡಬಲ್ಲದ್ದಾಗಿರಬೇಕು. ಬೇರೆ ಬೇರೆ ಕೆಲಸಗಳಲ್ಲಿ ಮುಳುಗಿರುವ ಸಾಮಾನ್ಯ ಗಣಕಕ್ಕೆ ಈ ಲಯ ಕಷ್ಟ. ಅದಕ್ಕಾಗಿಯೇ ಸ್ಪಂದನಗಳನ್ನು ಉತ್ಪಾದಿಸುವ ಪ್ರತ್ಯೇಕ ಫಲಕವನ್ನು ಜೋಡಿಸುವುದು ಉತ್ತಮ.

ತಂತ್ರಾಂಶಕ್ಕೂ ಹಲವು ಆಯ್ಕೆಗಳಿವೆ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ 1990ರ ದಶಕದಲ್ಲಿ ಮೊಳೆತ ಕಾರ್ಯವೊಂದು ಇಂದು ಲಿನಕ್ಸ್‌ಸಿಎನ್‌ಸಿ ಎಂಬ ಮುಕ್ತ ತಂತ್ರಾಂಶವಾಗಿ ಬೆಳೆದು ಉಚಿತವಾಗಿ ದೊರೆಯುತ್ತಿದೆ. ಸಿದ್ಧ ನಿಯಂತ್ರಕಗಳೂ ಲಭ್ಯ. ಯಾವುದನ್ನು ಆರಿಸಿದರೂ ಅದರ ಬಿಡಿಭಾಗ ಇಲ್ಲಿಯೇ ದೊರೆಯುತ್ತದೆಯೇ, ಸ್ಥಳೀಯ ತಂತ್ರಜ್ಞರು ಅದನ್ನು ಬಲ್ಲರೇ ಎಂದು ಮೊದಲು ವಿಚಾರಿಸಬೇಕು. ಹಳೆಯ ನಿಯಂತ್ರಕದಿಂದ ಅನುಭವಿಸಿದ ಕಷ್ಟವನ್ನು ಹೊಸ ನಿಯಂತ್ರಕಕ್ಕೂ ಕೊಂಡು ತರಬಾರದು.

ಸ್ಪಿಂಡಲ್‌ನ ವಿಷಯದಲ್ಲಿ ಎಚ್ಚರ

ಎರಡು ಧ್ರುವಗಳ ಸಾಮಾನ್ಯ ಮೋಟಾರು 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಿಮಿಷಕ್ಕೆ ಸುಮಾರು 3,000 ಸುತ್ತು ತಿರುಗುತ್ತದೆ. ರೌಟರಿನ ಸ್ಪಿಂಡಲ್ 24,000 ಸುತ್ತು ತಿರುಗಬೇಕಾದರೆ 400 ಹರ್ಟ್ಸ್ ಬೇಕು. ಅದನ್ನು ಇನ್‌ವರ್ಟರ್ ಒದಗಿಸುತ್ತದೆ. ಹೊಸ ಇನ್‌ವರ್ಟರ್ ತಂದಾಗ ಅದರ ಮೂಲ ಆವರ್ತನವು ಸಾಮಾನ್ಯವಾಗಿ 50 ಹರ್ಟ್ಸ್‌ಗೆ ಹೊಂದಿಸಿರುತ್ತದೆ. ಅದನ್ನು ಬದಲಿಸದೆ ಚಾಲನೆ ಮಾಡಿದರೆ 400 ಹರ್ಟ್ಸ್‌ನಲ್ಲಿ ತಲುಪಬೇಕಾದ ಪೂರ್ಣ ವೋಲ್ಟೇಜು 50 ಹರ್ಟ್ಸ್‌ನಲ್ಲಿಯೇ ಸ್ಪಿಂಡಲ್ಲಿಗೆ ಹೋಗುತ್ತದೆ. ಇದು ಬೇಕಾದುದರ ಎಂಟು ಪಾಲು, ಸುರುಳಿ ಸುಟ್ಟುಹೋಗಬಹುದು. ಆದುದರಿಂದ ಸ್ಪಿಂಡಲ್‌ನ ಮೇಲಿನ ಫಲಕವನ್ನು ಓದಿ, ಆ ಸಂಖ್ಯೆಗಳನ್ನು ಇನ್‌ವರ್ಟರಿಗೆ ಕೊಟ್ಟ ಮೇಲೆಯೇ ಗುಂಡಿ ಒತ್ತಬೇಕು.

ಅಡಚಣೆ, ತೇವ ಮತ್ತು ಧೂಳು

ಇನ್‌ವರ್ಟರಿನ ತಂತಿಯಿಂದ ಹೊರಡುವ ವಿದ್ಯುತ್ ಅಡಚಣೆಯು ಪಕ್ಕದ ಸೂಕ್ಷ್ಮ ತಂತಿಗಳಲ್ಲಿ ಹುಸಿ ಸಂಕೇತಗಳನ್ನು ಹುಟ್ಟಿಸುತ್ತದೆ. ಕಾರಣವಿಲ್ಲದೆ ಯಂತ್ರ ನಿಲ್ಲುವುದು, ನಿಯಂತ್ರಕವು ಮುಟ್ಟದ ಲಿಮಿಟ್ ಸ್ವಿಚ್ಚು ಮುಟ್ಟಿದೆಯೆಂದು ತಿಳಿಯುವುದು ಇವೆಲ್ಲ ಬಹುಮಟ್ಟಿಗೆ ಇದರ ಫಲ. ಸ್ಪಿಂಡಲ್ ತಂತಿಯನ್ನು ಸಂಕೇತದ ತಂತಿಗಳಿಂದ ದೂರ ಎಳೆಯುವುದು, ಲೋಹದ ಜಾಲರಿ ಹೊದಿಸಿದ ತಂತಿಗಳನ್ನು ಬಳಸುವುದು, ಎಲ್ಲ ಅರ್ತಿಂಗ್ ತಂತಿಗಳನ್ನೂ ಒಂದೇ ಪಟ್ಟಿಗೆ ಸೇರಿಸುವುದು ಇದಕ್ಕೆ ಪರಿಹಾರ.

ಮುಂಬಯಿಯ ಮಳೆಗಾಲ ಮತ್ತು ಸಮುದ್ರದ ಗಾಳಿ ಸಂಪರ್ಕ ಬಿಂದುಗಳಿಗೆ ಕಿಲುಬು ಹಿಡಿಸುತ್ತವೆ. ಮರದ ಧೂಳು ತೇವವನ್ನು ಹೀರಿ ಫಲಕಗಳ ಮೇಲೆ ಕೂರುತ್ತದೆ. ಆದುದರಿಂದ ನಿಯಂತ್ರಕದ ಪೆಟ್ಟಿಗೆಗೆ ರಬ್ಬರಿನ ಅಂಚು, ಗಾಳಿ ಒಳಬರುವಲ್ಲಿ ಸೋಸುವ ಜಾಲರಿ ಅವಶ್ಯ. ಆ ಜಾಲರಿಯನ್ನು ಆಗಾಗ ಶುಚಿ ಮಾಡುವ ಹೊಣೆಯನ್ನು ಒಬ್ಬ ನಿರ್ದಿಷ್ಟ ಕೆಲಸಗಾರನಿಗೆ ಒಪ್ಪಿಸಬೇಕು. ಎಲ್ಲರ ಹೊಣೆಯಾದರೆ ಅದು ಯಾರ ಹೊಣೆಯೂ ಆಗುವುದಿಲ್ಲ.

ಪರೀಕ್ಷಾ ಚಾಲನೆ

ಮೊದಲ ಚಾಲನೆ ಕತ್ತರಿ ಇಲ್ಲದೆ, ಹಾಳೆ ಇಲ್ಲದೆ, ಕಡಿಮೆ ವೇಗದಲ್ಲಿ ನಡೆಯಬೇಕು. ಒಬ್ಬನ ಕೈ ತುರ್ತು ಗುಂಡಿಯ ಬಳಿಯಲ್ಲೇ ಇರಬೇಕು. ಪ್ರತಿಯೊಂದು ಲಿಮಿಟ್ ಸ್ವಿಚ್ಚನ್ನು ಕೈಯಿಂದ ಒತ್ತಿ ಯಂತ್ರ ನಿಲ್ಲುವುದೇ ಎಂದು ನೋಡಬೇಕು. ಬಳಿಕ 100 ಮಿ.ಮೀ. ಚಲಿಸಲು ಆದೇಶ ಕೊಟ್ಟು ನಿಜವಾಗಿ ಚಲಿಸಿದ್ದನ್ನು ಅಳೆಯಬೇಕು. ಹಲ್ಲುಪಟ್ಟಿ ಅಥವಾ ಬೆಲ್ಟಿನ ಯಂತ್ರವು 99.5 ಮಿ.ಮೀ. ಮಾತ್ರ ಚಲಿಸಿದರೆ, ಇದ್ದ ಸ್ಪಂದನ ಸಂಖ್ಯೆಯನ್ನು 100ರಿಂದ ಗುಣಿಸಿ 99.5ರಿಂದ ಭಾಗಿಸಿದಾಗ ಸರಿಯಾದ ಸಂಖ್ಯೆ ದೊರೆಯುತ್ತದೆ. ಬಾಲ್ ಸ್ಕ್ರೂವಿನಲ್ಲಿ ಇಷ್ಟು ವ್ಯತ್ಯಾಸ ಕಂಡರೆ ಸಂಖ್ಯೆಯನ್ನು ತಿದ್ದುವ ಮೊದಲು ಸಡಿಲವಾದ ಜೋಡಣೆಯನ್ನು ಹುಡುಕುವುದು ಲೇಸು.

ಕೊನೆಯದಾಗಿ, ಹಾಳೆಯ ಮೇಲೆ 300 ಮತ್ತು 400 ಮಿ.ಮೀ. ಬಾಹುಗಳ ಆಯತವೊಂದನ್ನು ಗೀರಿಸಿ ಎರಡೂ ಕರ್ಣಗಳನ್ನು ಅಳೆಯಬೇಕು. ಎರಡೂ 500 ಮಿ.ಮೀ. ಬಂದರೆ ಅಕ್ಷಗಳು ಲಂಬವಾಗಿವೆ. ಒಂದು ಹೆಚ್ಚು ಒಂದು ಕಡಿಮೆ ಬಂದರೆ ದೋಷ ಚೌಕಟ್ಟಿನಲ್ಲಿದೆಯೇ ಹೊರತು ಹೊಸ ನಿಯಂತ್ರಕದಲ್ಲಿಲ್ಲ. ಶಾಲೆಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯ ಹೀಗೆ ಕಾರ್ಯಾಗಾರದಲ್ಲಿ ನೆರವಾಗುತ್ತದೆ.

ಉಪಸಂಹಾರ

ಧಾರಾವಿಯ ಮಾಲೀಕನ ಪ್ರಶ್ನೆಗೆ ಈಗ ಉತ್ತರ ಕೊಡಬಹುದು. ಚೌಕಟ್ಟು, ಹಳಿ ಮತ್ತು ಸ್ಕ್ರೂಗಳು ಪರೀಕ್ಷೆಯಲ್ಲಿ ಗೆದ್ದರೆ ನವೀಕರಣವೇ ವಿವೇಕದ ಮಾರ್ಗ. ಅವು ಸೋತರೆ ಹೊಸ ಫಲಕಗಳಿಗೆ ಹಣ ಸುರಿಯುವುದು ವ್ಯರ್ಥ. ಕಳಚಿದ ಹಳೆಯ ಫಲಕಗಳಲ್ಲಿ ಸೀಸ ಮೊದಲಾದ ಹಾನಿಕಾರಕ ಪದಾರ್ಥಗಳಿರುತ್ತವೆ. ಅವುಗಳನ್ನು ಬಯಲಿನಲ್ಲಿ ಸುಡಲು ಬಿಡದೆ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಬೇಕು. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಆಶಯವೂ ಇದೇ ಆಗಿದೆ.

ಈ ಕಾರ್ಯದಲ್ಲಿ ಯಂತ್ರವನ್ನು ವರ್ಷಗಟ್ಟಲೆ ನಡೆಸಿದ ಕೆಲಸಗಾರರನ್ನು ಮೊದಲ ದಿನದಿಂದಲೇ ಜೊತೆಗಿಟ್ಟುಕೊಳ್ಳಬೇಕು. ಯಾವ ಮೂಲೆಯಲ್ಲಿ ಯಂತ್ರ ತಡವರಿಸುತ್ತದೆ, ಯಾವ ಸದ್ದು ಸಹಜ, ಯಾವುದು ಅಲ್ಲ ಎಂಬುದು ಯಾವ ಕೈಪಿಡಿಯಲ್ಲಿಯೂ ಇರುವುದಿಲ್ಲ. ಅದು ಅವರ ಕಿವಿಯಲ್ಲಿದೆ. ಹೊಸ ತಂತಿಗಳ ನಕ್ಷೆಯ ಒಂದು ಪ್ರತಿಯನ್ನು ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿ, ಇನ್ನೊಂದನ್ನು ಅವರ ಕೈಗೆ ಕೊಡಬೇಕು. ಇನ್ನು ಹದಿನೈದು ಇಪ್ಪತ್ತು ವರ್ಷಗಳಲ್ಲಿ ಈ ನಿಯಂತ್ರಕವೂ ಹಳೆಯದಾಗುತ್ತದೆ. ಆಗ ಅದನ್ನು ಬಿಚ್ಚುವವರಿಗೆ ಆ ನಕ್ಷೆಯೇ ದಾರಿ ತೋರಿಸಲಿದೆ.