ಎರಡು 7.62

ನನ್ನೂರು ಹಾನಗಲ್ ಕಡೆ. ಸೈನ್ಯದಿಂದ ನಿವೃತ್ತನಾದ ಮೇಲೆ ಶಿಗ್ಗಾಂವಿಯಲ್ಲಿದ್ದೇನೆ. ಬೆಳಗಿನ ಜಾವ ಮೈದಾನದಲ್ಲಿ ಓಡುವ ಹುಡುಗರು ಅಗ್ನಿವೀರರಾಗಲು ಹೊರಟವರು. ನನ್ನನ್ನು ಕಂಡರೆ ಅವರದು ಒಂದೇ ಪ್ರಶ್ನೆ: ‘ಕಾಕಾ, 5.56 ಛಲೋನೋ, 7.62 ಛಲೋನೋ?’ ಮೊಬೈಲಿನಲ್ಲಿ ಬಂದೂಕಿನ ಆಟ ಆಡಿದವರು. ಅಂಕಿ ದೊಡ್ಡದಿದ್ದರೆ ಬಂದೂಕೂ ದೊಡ್ಡದು ಅನ್ನುವ ಲೆಕ್ಕ.

ನನ್ನ ಲೆಕ್ಕವೂ ಹಾಗೇ ಇತ್ತು. 1994ರಲ್ಲಿ ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರಿನಲ್ಲಿ ರಂಗರೂಟನಾಗಿದ್ದಾಗ ಕೈಗೆ ಬಂದ ರೈಫಲ್ ಎಸ್‌ಎಲ್‌ಆರ್. 7.62 ಎಂಎಂ ಗುಂಡು, ಮ್ಯಾಗಜೀನಿಗೆ 20. ಬಟ್ಟನ್ನು ಸಡಿಲ ಹಿಡಿದ ಮೊದಲ ದಿನವೇ ಭುಜ ನೀಲಿಗಟ್ಟಿತು. ಒದೆತ ಜೋರಿದ್ದಷ್ಟೂ ಬಂದೂಕು ಗಟ್ಟಿ ಎಂದು ನಂಬಿಬಿಟ್ಟೆ. ಕೆಲವು ವರ್ಷಗಳ ಮೇಲೆ 5.56ರ ಇನ್ಸಾಸ್ ರೈಫಲ್ ಬಂದಾಗ ‘ಜಾತ್ರಿ ಪಿಸ್ತೂಲು’ ಎಂದು ನಕ್ಕವರಲ್ಲಿ ನಾನೂ ಒಬ್ಬ.

ನಗು ನಿಂತದ್ದು ಗುಡ್ಡದ ಏರಿನಲ್ಲಿ. ಎಸ್‌ಎಲ್‌ಆರಿನ ಒಂದು ತೋಟಾ ಸುಮಾರು 24 ಗ್ರಾಂ, ಇನ್ಸಾಸಿನದು 12. ನೂರು ತೋಟಾ ಹೊತ್ತರೆ ಒಂದು ಕಿಲೋ ಮೇಲೆ ಫರಕು. ಆರು ತಾಸು ಏರಿದವನಿಗೆ ಅದು ಒಂದು ಬಾಟಲಿ ನೀರು. ಒದೆತ ಕಡಿಮೆಯಾದ್ದರಿಂದ ಎರಡನೇ ಗುಂಡಿಗೆ ಗುರಿ ಬೇಗ ಕೂರುತ್ತಿತ್ತು. ನನ್ನ ಗುಂಡುಗಳು ಒತ್ತೊತ್ತಾಗಿ ಬೀಳತೊಡಗಿದವು, ಒಪ್ಪಿಕೊಳ್ಳಲು ನಾಚಿಕೆ. 1999ರ ಕಾರ್ಗಿಲ್ ಚಳಿಯಲ್ಲಿ ಇನ್ಸಾಸಿನ ಪ್ಲಾಸ್ಟಿಕ್ ಮ್ಯಾಗಜೀನ್ ಬಿರುಕು ಬಿಟ್ಟದ್ದನ್ನು ಕೇಳಿದವರು ಇಂದಿಗೂ 5.56ನ್ನು ಬೈಯುತ್ತಾರೆ. ತಪ್ಪು ಮ್ಯಾಗಜೀನಿನದು, ಬೈಗುಳ ಗುಂಡಿಗೆ!

ನನ್ನ ಸೊಕ್ಕು ಪೂರ್ತಿ ಇಳಿದದ್ದು ಕಾಶ್ಮೀರದಲ್ಲಿ, ರಾಷ್ಟ್ರೀಯ ರೈಫಲ್ಸ್‌ಗೆ ಹೋದಾಗ. ಅಲ್ಲಿನ ಗೋವಿನಜೋಳದ ಹೊಲಗಳು ಥೇಟ್ ನಮ್ಮ ಹಿರೇಕೆರೂರ ಕಡೆಯವೇ; ಆಳೆತ್ತರದ ಬೆಳೆ, ಹತ್ತು ಹೆಜ್ಜೆ ಆಚೆ ಏನೂ ಕಾಣದು. ಅಂಥಲ್ಲಿ 30 ಗುಂಡಿನ ಮ್ಯಾಗಜೀನೂ ಬೇಕು, ಪೂರ್ತಿ ಆಟೋಮ್ಯಾಟಿಕ್ಕೂ ಬೇಕು. ಇನ್ಸಾಸ್ ಕುದುರೆ ಎಳೆದರೆ ಹೆಚ್ಚೆಂದರೆ ಮೂರು ಗುಂಡು. ಹಾಗಾಗಿ ಎಕೆ ಕೊಟ್ಟರು. ಅದೂ 7.62 ತಾನೇ, ಹಳೇ ಗೆಳೆಯ ಸಿಕ್ಕ ಎಂದುಕೊಂಡೆ. ರೇಂಜಿನಲ್ಲಿ ಸೈಟನ್ನು 100 ಮೀಟರಿಗೇ ಬಿಟ್ಟು 300 ಮೀಟರಿನ ಗುರಿಗೆ ಹೊಡೆದೆ. ಐದಕ್ಕೆ ಐದೂ ಗುರಿಯ ಕೆಳಗಿನ ಮಣ್ಣಿಗೆ.

ಉಸ್ತಾದರು ಬೈಯಲಿಲ್ಲ. ಎರಡೂ ತೋಟಾ ಅಂಗೈಯಲ್ಲಿಟ್ಟು ತೋರಿಸಿದರು. ಗುಂಡಿನ ದಪ್ಪ ಹೆಚ್ಚುಕಡಿಮೆ ಒಂದೇ, ಆದರೆ ಎಸ್‌ಎಲ್‌ಆರಿನ ಕೇಸ್ 51 ಎಂಎಂ ಉದ್ದ, ಎಕೆಯದು 39. ಮದ್ದು ಕಡಿಮೆ. ಮೊದಲನೆಯದು ಸೆಕೆಂಡಿಗೆ 800 ಮೀಟರ್ ದಾಟಿ ಹೊರಟರೆ ಎಕೆಯದು 700ರ ಆಸುಪಾಸು. ಹಾಗಾಗಿ ಎಕೆಯ ಗುಂಡು ದೂರ ಹೋದಂತೆ ಬೇಗ ಕೆಳಗಿಳಿಯುತ್ತದೆ. ಒಂದರ ತೋಟಾ ಇನ್ನೊಂದರಲ್ಲಿ ಕೂರುವುದೂ ಇಲ್ಲ. ಈಗ ಹುಡುಗರಿಗೆ ಕೇಳುತ್ತೇನೆ: ‘ಬ್ಯಾಡಗಿ ಮೆಣಸಿನಕಾಯಿ ಉದ್ದ ನೋಡಿ, ಬಣ್ಣ ನೋಡಿ ಖಾರ ಹೇಳಾಕ ಬರ್ತದೇನ್ರಪಾ?’

ಮೊನ್ನೆ ಸವಣೂರಿನ ಎಲೆಬಳ್ಳಿ ತೋಟದವರ ಹುಡುಗನೊಬ್ಬ ಬಿಡಲಿಲ್ಲ. ‘ಹಂಗಾದ್ರ ಸೈನ್ಯ ಯಾವುದನ್ನ ಆರಿಸ್ತು ಕಾಕಾ?’ ಎರಡೂ ಬಗೆಯ 7.62ನ್ನು, ಎಂದೆ. 2019ರಲ್ಲಿ 72,400 ಸಿಗ್ 716 ರೈಫಲ್‌ಗಳಿಗೆ ಒಪ್ಪಂದವಾಯಿತು, ಅದು 51ರ 7.62. ಅಮೇಠಿಯ ಕೊರ್ವಾದಲ್ಲಿ ತಯಾರಾಗುವ ಎಕೆ-203 ಇದೆಯಲ್ಲ, ಅದು 39ರದು. ಹುಡುಗ ಮೊಬೈಲ್ ತೆಗೆದು ಬರೆದುಕೊಳ್ಳತೊಡಗಿದ. ರ‍್ಯಾಲಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ ತಮ್ಮಾ, 1.6 ಕಿಲೋಮೀಟರ್ ಓಡಿಸುತ್ತಾರೆ, ಎಂದು ಮೈದಾನಕ್ಕೆ ಅಟ್ಟಿದೆ.